ಪಕ್ಕಕ್ಕಿಟ್ಟ ಲಕೋಟೆ

ಅಪ್ಪ ತೀರಿಕೊಂಡದ್ದು ಭಾನುವಾರ ಬೆಳಗಿನ ಜಾವ. ಮಣ್ಣು ಮಾಡುವುದು ಶುಕ್ರವಾರವೆಂದು ನಿಶ್ಚಯವಾಗಿತ್ತು. ನಡುವಿನ ಮಂಗಳವಾರ ಮತದಾನ. ಡೀಲಿಯಾ ವಾರ್ನಿ ಎಂದಿನಂತೆ ಐದೂವರೆಗೆ ಎದ್ದು, ಕಪ್ಪು ಕಾಫಿ ಕುಡಿದು, ಕಾರಿನ ಗಾಜಿನ ಮೇಲೆ ಕಟ್ಟಿದ್ದ ಮಂಜನ್ನು ಕೆರೆದು ತೆಗೆದು, ರೈತಸಂಘದ ಹಳೆಯ ಸಭಾಂಗಣಕ್ಕೆ ಹೋಗಿ ಬೀಗ ತೆರೆದಳು. ಒಲೆಗೆ ಸೌದೆ ತುಂಬಿ ಹೊತ್ತಿಸಿದಳು. ಇಪ್ಪತ್ತಾರು ವರ್ಷಗಳಿಂದ ಅವಳು ಕಾರ್ಲಿಸ್ ಫೆರಿ ಎಂಬ ಆ ಸಣ್ಣ ಊರಿನ ಕ್ಲರ್ಕು. ಊರಿನ ಹುಟ್ಟು, ಮದುವೆ, ಸಾವು, ನಾಯಿಗಳ ಲೈಸೆನ್ಸು, ಮತದಾರರ ಪಟ್ಟಿ ಎಲ್ಲವೂ ಅವಳ ಕೈಬರಹದಲ್ಲೇ ಇದ್ದವು. ಸೋಮವಾರ ಅಪ್ಪನ ಸಾವನ್ನು ದಾಖಲೆ ಪುಸ್ತಕಕ್ಕೆ ಏರಿಸಿದವಳೂ ಅವಳೇ. ಆಲ್ಟನ್ ವಾರ್ನಿ, ಎಂಬತ್ತಮೂರು. ಅಕ್ಷರಗಳು ಎಂದಿನಂತೆಯೇ ನೆಟ್ಟಗೆ ಬಂದವು. ಅದೇ ಅವಳಿಗೆ ಸ್ವಲ್ಪ ಹೆದರಿಕೆ ತಂದಿತ್ತು.

ಬಾಗಿಲಿಗೆ ಮೂರು ಹಾಳೆ ಅಂಟಿಸಬೇಕಿತ್ತು. ಮೂರನೆಯದು ರಾಜ್ಯದ ಖಜಾಂಚಿಯ ಹೇಳಿಕೆ: ರಾಜ್ಯ ಈವರೆಗೆ ಎಷ್ಟು ಸಾಲ ಮಾಡಿದೆ, ಎಷ್ಟು ತೀರಿಸಿದೆ, ಬಡ್ಡಿ ಎಷ್ಟು ಬೆಳೆದಿದೆ. ಸಾಲದ ಪ್ರಶ್ನೆ ಮತಕ್ಕೆ ಬಂದಾಗಲೆಲ್ಲ ಇದನ್ನು ಜನರ ಕಣ್ಣಿಗೆ ಬೀಳುವಂತೆ ಹಚ್ಚಲೇಬೇಕು. ಊರಿನಲ್ಲಿ ಇದನ್ನು ಓದುತ್ತಿದ್ದವರು ಒಬ್ಬರೇ. ನವೆಂಬರಿನ ಚಳಿಯಲ್ಲಿ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು, ಹಿಂದೆ ಜನ ಕಾಯುತ್ತಿದ್ದರೂ ಅಪ್ಪ ಕೊನೆಯವರೆಗೆ ಓದಿಯೇ ಒಳಗೆ ಬರುತ್ತಿದ್ದರು. ಡೀಲಿಯಾ ಹಾಳೆಯ ನಾಲ್ಕು ಮೂಲೆಗೂ ಟೇಪು ಹಚ್ಚಿದಳು. ಆಮೇಲೆ, ಕಾರಣವಿಲ್ಲದೆ, ನಡುವೆಯೂ ಒಂದು ತುಂಡು ಹಚ್ಚಿದಳು.

ಈ ಸಲದ ಪ್ರಶ್ನೆ ಒಂದೇ. ಜನರ ಒಪ್ಪಿಗೆ ಪಡೆಯದೆ ಸರ್ಕಾರ ಇಪ್ಪತ್ತು ಲಕ್ಷ ಡಾಲರಿಗಿಂತ ಹೆಚ್ಚು ಸಾಲ ಎತ್ತಕೂಡದು ಎಂದು ರಾಜ್ಯದ ಸಂವಿಧಾನ ಹೇಳುತ್ತದೆ. ಆ ಮಿತಿಯನ್ನು ಇಪ್ಪತ್ತು ಕೋಟಿಗೆ ಏರಿಸಬಹುದೇ? ಹೌದು, ಅಥವಾ ಇಲ್ಲ: ಎರಡರಲ್ಲಿ ಒಂದರ ಮುಂದಿನ ಸೊನ್ನೆಯನ್ನು ತುಂಬಬೇಕು. ಏರಿಸಬೇಕು ಎನ್ನುವವರಿಗೆ ಕಾರಣಗಳಿದ್ದವು. ಊರಿನ ಸೇತುವೆಯ ಮೇಲೆ ಭಾರದ ವಾಹನಗಳನ್ನು ಬಿಡುವುದು ನಿಂತು ಮೂರು ವರ್ಷವಾಗಿತ್ತು. ಶಾಲೆಯ ಬಸ್ಸು ಇಪ್ಪತ್ತೆರಡು ಮೈಲಿ ಸುತ್ತಿ ಬರುತ್ತಿತ್ತು. ಒಂದೊಂದು ಸೇತುವೆಗೂ ಒಂದೊಂದು ಚುನಾವಣೆ ಕಾಯುತ್ತ ಕೂತರೆ ಸೇತುವೆಯೇ ಮೊದಲು ನದಿಗೆ ಇಳಿದುಬಿಡುತ್ತದೆ ಎಂದು ಡೀಲಿಯಾಳ ಅಮ್ಮ ಆರ್ಡಿತ್ ಹೇಳುತ್ತಿದ್ದಳು.

ಅಪ್ಪ ಒಪ್ಪುತ್ತಿರಲಿಲ್ಲ. ಅವರು ಶಾಸನಸಭೆಯಲ್ಲಿ ಎರಡು ಅವಧಿ ಇದ್ದಾಗ ಇದೇ ಮಿತಿಯನ್ನು ಸಡಿಲಿಸುವ ಪ್ರಯತ್ನ ನಡೆದಿತ್ತು. ಅಪ್ಪ ಊರೂರು ಅಲೆದು ಅದನ್ನು ಸೋಲಿಸಿದ್ದರು. ನಲವತ್ತು ವರ್ಷ ಕಳೆದ ಮೇಲೂ ಊಟದ ಮೇಜಿನಲ್ಲಿ ಆ ಭಾಷಣ ಮುಗಿದಿರಲಿಲ್ಲ. "ಸಾಲ ಮಾಡ್ಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಕೇಳಿ ಮಾಡಿ ಅಂತೀನಿ. ತೀರಿಸೋರಲ್ಲಿ ಅರ್ಧ ಜನ ಇನ್ನೂ ಹುಟ್ಟೇ ಇಲ್ಲ, ಅವರನ್ನ ಕೇಳೋಕಾಗಲ್ಲ. ಸತ್ತೋರನ್ನ ಕೇಳೋಕಾಗಲ್ಲ. ಇರೋರನ್ನಾದ್ರೂ ಕೇಳ್ಬೇಕಲ್ಲ." ಅಷ್ಟು ಹೇಳಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಅಮ್ಮ ಬೆಣ್ಣೆಯ ತಟ್ಟೆಯನ್ನು ಅತ್ತ ಎಳೆದುಕೊಂಡು, "ಸರಿ, ನಾನು ಇದೀನಿ, ನನ್ನನ್ನ ಕೇಳಿ. ನಂಗೆ ಸೇತುವೆ ಬೇಕು" ಎನ್ನುತ್ತಿದ್ದಳು.

ಮದುವೆಯಾಗಿ ಐವತ್ತೆಂಟು ವರ್ಷ. ಪ್ರತಿ ಚುನಾವಣೆಗೂ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಬಂದು, ಒಬ್ಬರ ಮತವನ್ನೊಬ್ಬರು ಹೊಡೆದುಹಾಕಿ, ಅದೇ ಟ್ರಕ್ಕಿನಲ್ಲಿ ಮನೆಗೆ ಹೋಗುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ತಮಾಷೆ ಅದು. "ಇಬ್ಬರೂ ಮನೇಲೇ ಇರಬಾರ್ದಾ, ಪೆಟ್ರೋಲಾದ್ರೂ ಉಳಿಯುತ್ತೆ" ಎಂದು ಅಪ್ಪನ ಗೆಳೆಯ ರಾಸ್ಕೋ ಟಿಬೆಟ್ಸ್ ಪ್ರತಿ ಸಲವೂ ಕೆಣಕುತ್ತಿದ್ದ. "ನಾನು ಇದ್ದೇನು. ಅವಳು ಹಿಂದಿನ ಬಾಗಿಲಿಂದ ಬಂದು ಹಾಕಿಬಿಟ್ರೆ?" ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದರು.

ಅಕ್ಟೋಬರಿನಲ್ಲಿ ಅಪ್ಪ ಹಾಸಿಗೆ ಹಿಡಿದರು. ಹಾಗಾಗಿ ಈ ಸಲ ಇಬ್ಬರಿಗೂ ಅಂಚೆಯಲ್ಲಿ ಮತಪತ್ರ ಹೋಗಿತ್ತು. ತುಂಬಿದ ಮತಪತ್ರವನ್ನು ತಮ್ಮ ಹೆಸರು ಅಚ್ಚಾಗಿರುವ ಲಕೋಟೆಯಲ್ಲಿಟ್ಟು, ಅಂಟಿಸಿ, ಹೊರಗೆ ಸಹಿ ಹಾಕಬೇಕು. ಶನಿವಾರ ಬಂದ ಅಂಚೆಯನ್ನು ಸಹಾಯಕಿ ನೋರೀನ್ ತೆಗೆದುಕೊಂಡು ಬೀರುವಿಗೆ ಹಾಕಿದ್ದಳು. ಡೀಲಿಯಾ ಆಗ ಅಪ್ಪನ ಹಾಸಿಗೆಯ ಪಕ್ಕ ಇದ್ದಳು.

ಮಂಗಳವಾರ ಏಳಕ್ಕೆ ಮುಂಚೆ ಅವಳು ಬೀರುವಿನಿಂದ ಲಕೋಟೆಗಳನ್ನು ತೆಗೆದು ಹೆಸರಿನ ಕ್ರಮದಲ್ಲಿ ಜೋಡಿಸಿದಳು. ಒಟ್ಟು ಇಪ್ಪತ್ತಮೂರು. ಕೊನೆಯ ಎರಡು ವಾರ್ನಿಗಳವು. ಅಪ್ಪನ ಲಕೋಟೆಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು, ಅದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಮತದಾನದ ದಿನಕ್ಕೆ ಮುಂಚೆ ಸತ್ತವರ ಮತ ಎಣಿಕೆಗೆ ಬರುವುದಿಲ್ಲ. ಲಕೋಟೆಯನ್ನು ತೆರೆಯದೆ ಪಕ್ಕಕ್ಕಿಡಬೇಕು. ಅಷ್ಟೇ.

ಆದರೆ ಅಪ್ಪನ ಹೆಸರಿದ್ದ ಲಕೋಟೆಯ ಮೇಲೆ ಅಮ್ಮನ ಸಹಿ ಇತ್ತು. ಸಣ್ಣ, ನೆಟ್ಟಗಿನ ಅಕ್ಷರಗಳು. ಅಮ್ಮನ ಹೆಸರಿದ್ದ ಲಕೋಟೆಯ ಮೇಲೆ ಅಪ್ಪನ ಸಹಿ. ಬರೆಯುತ್ತ ಬರೆಯುತ್ತ ಗೆರೆಯಿಂದ ಜಾರಿ ಕೆಳಗೆ ಹೋದದ್ದು.

ಹೊಸದೇನಲ್ಲ. ಒಂದೇ ಮೇಜಿನ ಮೇಲೆ ಇಬ್ಬರದನ್ನೂ ಹರಡಿಕೊಂಡು ಕೂತ ಗಂಡಹೆಂಡಿರು ಪ್ರತಿ ವರ್ಷವೂ ಹೀಗೆ ಲಕೋಟೆ ಅದಲುಬದಲು ಮಾಡುತ್ತಾರೆ. ಫೋನು ಮಾಡಿ ಕರೆಸಿ, ನಕ್ಕು, ಸರಿಪಡಿಸಿ ಕಳಿಸುವುದು ರೂಢಿ. ಈಗ ಒಬ್ಬರನ್ನು ಕರೆಸುವಂತಿರಲಿಲ್ಲ. ಡೀಲಿಯಾ ಕುರ್ಚಿಯ ಮೇಲೆ ಕೂತಳು. ಅರ್ಥ ನಿಧಾನವಾಗಿ ಒಳಗಿಳಿಯಿತು. ಅಚ್ಚಾದ ಹೆಸರನ್ನು ಮಾತ್ರ ಓದಿ ನಡೆದರೆ, ಅಪ್ಪನ ಹೆಸರಿನ ಲಕೋಟೆ ಪಕ್ಕಕ್ಕೆ ಹೋಗುತ್ತದೆ, ಅದರೊಳಗಿರುವುದು ಅಮ್ಮನ ಮತ. ಅಮ್ಮನ ಹೆಸರಿನ ಲಕೋಟೆ ತೆರೆಯುತ್ತದೆ, ಅದರೊಳಗಿನ ಅಪ್ಪನ ಮತ ಎಣಿಕೆಗೆ ಸೇರುತ್ತದೆ. ಯಾರಿಗೂ ತಿಳಿಯುವುದಿಲ್ಲ. ಸಹಿ ನೋಡುವ ಕೆಲಸ ಅವಳೊಬ್ಬಳದೇ.

ಎಂಟು ಗಂಟೆಗೆ ಮತಗಟ್ಟೆ ತೆರೆಯಿತು. ಅಮ್ಮ ಅಷ್ಟರಲ್ಲಿ ಬಂದಾಗಿತ್ತು. ಮತದಾನದ ದಿನ ಚರ್ಚಿನ ಹೆಂಗಸರು ಸಭಾಂಗಣದ ಅಡಿಗೆಮನೆಯಲ್ಲಿ ಬೇಯಿಸಿದ ಬೀನ್ಸ್, ಕಂದು ಬ್ರೆಡ್ಡು, ಪೈಗಳನ್ನು ಮಾರುವುದು ಹಿಂದಿನಿಂದ ಬಂದದ್ದು. ಎರಡು ದಿನದ ವಿಧವೆ ಕುಂಬಳದ ಪೈ ಮಾಡಿಕೊಂಡು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಅವಳು ಆರು ತಂದಿದ್ದಳು. ಪೈಗಳ ಹೆಸರು ಬರೆದ ರಟ್ಟನ್ನು ಗೋಡೆಗೆ ಒರಗಿಸಿ, ಪ್ರತಿ ಹೆಸರಿನ ಮುಂದೆ ಸಣ್ಣ ಸೊನ್ನೆ ಹಾಕಿದ್ದಳು. ಒಂದು ಮಾರಿದಂತೆ ಒಂದು ಸೊನ್ನೆಯನ್ನು ಓರೆ ಓರೆ ಗೀರುಗಳಿಂದ, ಕಾಲುಚೀಲದ ಹರಕು ಹೊಲಿಯುವಂತೆ, ತುಂಬುತ್ತಿದ್ದಳು. ಬೇರೆಯವರಾದರೆ ಒಂದು ಅಡ್ಡಗೆರೆ ಎಳೆದು ಮುಗಿಸುತ್ತಿದ್ದರು.

ಹನ್ನೊಂದರ ಸುಮಾರಿಗೆ ಜನ ಕಡಿಮೆಯಾದಾಗ ಡೀಲಿಯಾ ಅಡಿಗೆಮನೆಗೆ ಬಂದಳು. ಅಮ್ಮ ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು.

"ಊಟ ಮಾಡಿದ್ಯಾ?" ಅಮ್ಮ ತಿರುಗದೆ ಕೇಳಿದಳು.

"ಆಮೇಲೆ ಮಾಡ್ತೀನಿ. ಅಮ್ಮಾ, ಲಕೋಟೆಗಳು ಅದಲುಬದಲು ಆಗಿವೆ."

ನೀರು ಹರಿಯುತ್ತಲೇ ಇತ್ತು.

"ನಿನ್ನ ಲಕೋಟೆ ಮೇಲೆ ಅಪ್ಪನ ಸಹಿ ಇದೆ."

"ಇರಬಹುದು."

"ನೀನೇ ಹಾಕಿ ಅಂಟಿಸಿದ್ದಾ?"

"ಮತ್ಯಾರು. ಅವರ ಕೈಲಿ ಅಂಟಿಸೋಕೆ ಆಗ್ತಿತ್ತಾ? ಪೆನ್ನು ಹಿಡಿಯೋಕೇ ಎರಡು ಕೈ ಬೇಕಿತ್ತು." ಅಮ್ಮ ನಲ್ಲಿ ನಿಲ್ಲಿಸಿದಳು. "ಕನ್ನಡಕ ಕೊಡ್ಲಿಲ್ಲ. ಇಲ್ಲಿ ಹಾಕಿ ಅಂದೆ, ಹಾಕಿದ್ರು."

ಡೀಲಿಯಾ ಬಾಗಿಲನ್ನು ಹಿಂದೆ ತಳ್ಳಿ ಮುಚ್ಚಿದಳು. "ಗೊತ್ತಿದ್ದೇ ಮಾಡಿದ್ಯಾ?"

"ನಿಮ್ಮಪ್ಪ ಇಪ್ಪತ್ತು ವರ್ಷ ಇಲ್ಲೇ ಮತಗಟ್ಟೆ ನಡೆಸಿದೋರು. ನಿಯಮ ನನಗೂ ಬಾಯಿಪಾಠ. ಡಾಕ್ಟ್ರು ವಾರ ಅಂದಿದ್ರು, ನಾನು ಬೆರಳಲ್ಲಿ ದಿನ ಎಣಿಸ್ದೆ, ಮಂಗಳವಾರ ಮುಟ್ಟಲ್ಲ ಅಂತ ಗೊತ್ತಾಯ್ತು." ಅಮ್ಮ ಒಣ ಬಟ್ಟೆ ತೆಗೆದುಕೊಂಡು ಆಗಲೇ ಒಣಗಿದ್ದ ತಟ್ಟೆಯನ್ನು ಒರೆಸತೊಡಗಿದಳು. "ಐವತ್ತೆಂಟು ವರ್ಷ ಅವರು ಹಾಕಿದ್ದನ್ನೆಲ್ಲ ನಾನು ಹೊಡೆದುಹಾಕಿದೀನಿ ಡೀಲಿಯಾ. ಒಂದ್ಸಲ ಉಳೀಲಿ ಅಂತ ಅನ್ನಿಸ್ತು. ಇದೊಂದು ಉಳೀಲಿ."

"ನಿಂದು ಹೋಗುತ್ತಲ್ಲ."

"ಹೋಗ್ಲಿ."

"ನಿಂಗೆ ಸೇತುವೆ ಬೇಕಿತ್ತಲ್ಲ ಅಮ್ಮಾ."

"ಈಗ ದಾಟಿ ಎಲ್ಲಿಗೆ ಹೋಗ್ಲಿ."

ಹೊರಗೆ ಮತಪೆಟ್ಟಿಗೆಯ ಗಂಟೆ ಒಂದು ಸಲ ಸದ್ದು ಮಾಡಿತು. ಹಿಡಿ ತಿರುವಿದರೆ ಮತಪತ್ರವನ್ನು ಒಳಕ್ಕೆ ಎಳೆದುಕೊಂಡು ಟಣ್ ಎನ್ನುವ ಹಳೆಯ ಮರದ ಪೆಟ್ಟಿಗೆ ಅದು.

"ಇದು ಆಗಲ್ಲ" ಎಂದಳು ಡೀಲಿಯಾ. "ಸಹಿ ನೋಡೋದು ನನ್ನ ಕೆಲಸ."

"ನೋಡಿದ್ಯಲ್ಲ, ಆಯ್ತು. ಹೆಸರು ಮಾತ್ರ ಓದು. ನಾನು ಕೇಳ್ತಿರೋದು ಅಷ್ಟೇ. ನಿನ್ನ ಹತ್ರ ಇನ್ನೇನನ್ನೂ ಕೇಳಿಲ್ಲ, ಇನ್ನು ಕೇಳೋದೂ ಇಲ್ಲ." ಅಮ್ಮ ತಟ್ಟೆಯನ್ನು ಇಟ್ಟಳು. "ಹೋಗು, ಯಾರೋ ಬಂದ್ರು."

ಹೊರಗೆ ರಾಸ್ಕೋ ಟಿಬೆಟ್ಸ್ ಒಲೆಗೆ ಸೌದೆ ಹಾಕುತ್ತಿದ್ದ. ಅಪ್ಪನ ನಂತರ ಮತಗಟ್ಟೆಯ ಅಧಿಕಾರ ಅವನಿಗೆ ಬಂದಿತ್ತು. ಎಪ್ಪತ್ತೊಂಬತ್ತರ ಆಲೂಗಡ್ಡೆ ರೈತ. ಸೊಂಟ ಬಾಗಿದ್ದರೂ ದನಿ ಬಾಗಿರಲಿಲ್ಲ.

"ಮುಖ ಏನು ಹೀಗಿದೆ? ಇವತ್ತೊಂದು ದಿನ ನೋರೀನ್‌ಗೆ ಬಿಟ್ಟು ಮನೇಲಿರು ಅಂದೆ. ಕೇಳಿದ್ಯಾ? ಅಪ್ಪನ ಮಗಳು."

"ನೋರೀನ್ ಎಣಿಸಿದ್ರೆ ನಾಳೆ ಬೆಳಗಾಗುತ್ತೆ."

"ಅದು ನಿಜ." ಅವನು ಕೈ ಕೊಡವಿಕೊಂಡ. ಆಮೇಲೆ ದನಿ ತಗ್ಗಿಸಿದ. "ಎರಡು ಗಂಟೆಗೆ ಲಕೋಟೆ ತೆಗೀಬೇಕು. ಆಲ್ಟನ್‌ದು ನಾನೇ ಓದ್ಲಾ?"

"ಓದೋದು ಕ್ಲರ್ಕು. ಯಾವಾಗ್ಲೂ."

"ಗೊತ್ತು." ರಾಸ್ಕೋ ಒಲೆಯ ಬಾಗಿಲನ್ನೇ ನೋಡುತ್ತ ನಿಂತ. "ನಮ್ಮಮ್ಮ ಸತ್ತಿದ್ದು ಒಂದು ಚುನಾವಣೆಯ ಹಿಂದಿನ ದಿನ. ನೀನಿನ್ನೂ ಶಾಲೆಗೆ ಹೋಗ್ತಿದ್ದೆ. ಆಗ ನಿಮ್ಮಪ್ಪ ಅಧಿಕಾರಿ. ಅವಳ ಹೆಸರು ಕೂಗಿದಾಗ ನಾನು ಅಲ್ಲೇ, ಆ ಕಂಬದ ಹತ್ರ ನಿಂತಿದ್ದೆ. ಬಿಟ್ಟುಬಿಡಯ್ಯ, ಹಾಸಿಗೇಲಿ ಒರಗಿಕೊಂಡು ತುಂಬಿದಾಳೆ ಅಂದೆ. ಅವನು ಏನೂ ಮಾತಾಡ್ಲಿಲ್ಲ. ಪಕ್ಕಕ್ಕಿಟ್ಟ. ಎರಡು ವರ್ಷ ನಾನು ಅವನ ಜೊತೆ ಮಾತು ಬಿಟ್ಟಿದ್ದೆ."

"ಆಮೇಲೆ?"

"ಆಮೇಲೆ ನನ್ನ ಟ್ರ್ಯಾಕ್ಟರು ಹೊಂಡಕ್ಕೆ ಬಿತ್ತು. ಎತ್ತೋಕೆ ಅವನೇ ಬಂದ. ಆಗಲೂ ಏನೂ ಮಾತಾಡ್ಲಿಲ್ಲ." ರಾಸ್ಕೋ ಮೂಗು ಒರೆಸಿಕೊಂಡ. "ಶನಿ ಮಗ."

ಅದೊಂದು ಬೈಗುಳದಲ್ಲಿ ಎಷ್ಟು ಅಳು ಇತ್ತೆಂದು ಡೀಲಿಯಾಗೆ ಕೇಳಿಸಿತು. ಅವಳು ಮೇಜಿಗೆ ಹೋಗಿ ಕೂತು, ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತ ಹೋದಳು. ಬಂದವರೆಲ್ಲ ಅವಳ ಕೈ ಮುಟ್ಟಿ, ಅಪ್ಪನ ಬಗ್ಗೆ ಒಂದು ಮಾತು ಹೇಳಿ, ಮತಪತ್ರ ತೆಗೆದುಕೊಂಡು ಹೋದರು. ಯಾರೂ ಪ್ರಶ್ನೆಯ ಬಗ್ಗೆ ಮಾತಾಡಲಿಲ್ಲ. ಸಭಾಂಗಣದೊಳಗೆ ಮಾತಾಡಕೂಡದು. ಅವಳ ಅಭಿಪ್ರಾಯವನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಹೇಳದೆ ಹೇಳದೆ ಒಳಗೆ ಅಂಥದ್ದು ಇದೆಯೋ ಇಲ್ಲವೋ ಎಂಬುದೂ ಮರೆತಂತಾಗಿತ್ತು. ಇವತ್ತು ಮಾತ್ರ ಅವಳಿಗೆ ಒಂದು ಬೇಕಿತ್ತು. ಅಪ್ಪನ ಸಹಿ ಗೆರೆಯಿಂದ ಜಾರಿದ ಆ ಲಕೋಟೆ ತೆರೆಯಬೇಕಿತ್ತು. ಎರಡು ಕೈಯಲ್ಲಿ ಹಿಡಿದು ತುಂಬಿದ ಆ ಒಂದು ಗುರುತು ಸುಮ್ಮನೆ ಹೋಗಬಾರದಿತ್ತು. ಅದಕ್ಕೆ ತಾನು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು ಎಂಬುದೇ ಅವಳನ್ನು ಹಿಂಡುತ್ತಿತ್ತು. ಸುಮ್ಮನಿರುವುದು ಅವಳಿಗೆ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದ ಕೆಲಸ.

ಎರಡು ಗಂಟೆಗೆ ರಾಸ್ಕೋ ಎದ್ದು ನಿಂತು, ಅಂಚೆಯ ಮತಗಳನ್ನು ತೆರೆಯಲಾಗುವುದು, ಆಕ್ಷೇಪಣೆ ಇದ್ದವರು ಹೇಳಬಹುದು ಎಂದು ಸಾರಿದ. ಹದಿನೈದು ಇಪ್ಪತ್ತು ಜನ ಇದ್ದರು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಏಪ್ರನ್ನಿನಲ್ಲೇ ನಿಂತಿದ್ದಳು. ಡೀಲಿಯಾ ಒಂದೊಂದೇ ಲಕೋಟೆ ಎತ್ತಿ, ಸಹಿ ನೋಡಿ, ಹೆಸರು ಜೋರಾಗಿ ಓದಿದಳು. ನೋರೀನ್ ಪಟ್ಟಿಯಲ್ಲಿ ಗೆರೆ ಎಳೆದಳು. ರಾಸ್ಕೋ ಚಾಕುವಿನಿಂದ ಸೀಳಿ, ಮಡಿಸಿದ ಮತಪತ್ರವನ್ನು ಬಿಚ್ಚದೆ ಪೆಟ್ಟಿಗೆಗೆ ಹಾಕಿದ. ಗಂಟೆ. ಮತ್ತೊಂದು ಹೆಸರು. ಗಂಟೆ. ಇಪ್ಪತ್ತೊಂದು ಸಲ.

"ಆಲ್ಟನ್ ವಾರ್ನಿ."

ಯಾರೋ ಟೋಪಿ ತೆಗೆದರು. ಉಳಿದವರೂ ತೆಗೆದರು. ಒಲೆಯಲ್ಲಿ ಕಟ್ಟಿಗೆ ಕುಸಿದ ಸದ್ದಾಯಿತು. ಆ ಹೆಸರು ಈ ಸಭಾಂಗಣದಲ್ಲಿ ಇನ್ನೊಮ್ಮೆ ಓದಿಸಿಕೊಳ್ಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರಿಗೂ ಅವಸರವಿರಲಿಲ್ಲ.

"ತೀರಿಕೊಂಡಿದಾರೆ" ಎಂದಳು ಡೀಲಿಯಾ. ಲಕೋಟೆಯನ್ನು ಪಕ್ಕಕ್ಕಿಟ್ಟಳು. ರಾಸ್ಕೋ ಕಂಬದ ಕಡೆ ನೋಡಿದ.

"ಆರ್ಡಿತ್ ವಾರ್ನಿ."

ರಾಸ್ಕೋ ಚಾಕು ಹಿಡಿದು ಕೈ ಚಾಚಿದ. ಲಕೋಟೆ ಅವಳ ಕೈಯಲ್ಲೇ ಇತ್ತು. ಅಪ್ಪನ ಅಕ್ಷರಗಳು ಒಂದರ ಹಿಂದೊಂದು ಜಾರುತ್ತ ಮೂಲೆಗೆ ಬಂದು ನಿಂತಿದ್ದವು. ಕನ್ನಡಕವಿಲ್ಲದೆ ಹಾಕಿದ್ದು. ಎಲ್ಲಿ ಹಾಕುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಬದುಕೆಲ್ಲ ಕೇಳಿ ಮಾಡಿ, ಕೇಳಿ ಮಾಡಿ ಎಂದವರನ್ನು ಕೊನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮನ ಪ್ರೀತಿ ಕೂಡ ಅವರನ್ನು ಕೇಳದೆಯೇ ನಡೆದುಬಿಟ್ಟಿತ್ತು. ಕೇಳಿದ್ದರೆ ಏನೆನ್ನುತ್ತಿದ್ದರೆಂದು ಡೀಲಿಯಾಗೆ ಗೊತ್ತಿತ್ತು. ಕಂಬದ ಹತ್ತಿರ ನಿಂತ ಗೆಳೆಯನಿಗೆ ಹೇಳಿದ್ದನ್ನೇ, ಅಂದರೆ ಏನನ್ನೂ ಹೇಳುತ್ತಿರಲಿಲ್ಲ. ಪಕ್ಕಕ್ಕಿಡುತ್ತಿದ್ದರು.

"ಡೀಲಿಯಾ" ಎಂದ ರಾಸ್ಕೋ ಮೆಲ್ಲಗೆ.

"ಸಹಿ ಅದಲುಬದಲಾಗಿದೆ" ಎಂದಳು. ದನಿ ತನ್ನದಲ್ಲವೆಂಬಂತೆ ಕೇಳಿಸಿತು. "ಇದರ ಮೇಲಿರೋದು ಆಲ್ಟನ್ ವಾರ್ನಿ ಅವರ ಸಹಿ. ಅದರ ಮೇಲಿರೋದು ಆರ್ಡಿತ್ ವಾರ್ನಿ ಅವರದ್ದು. ಎರಡನ್ನೂ ತೆರೆಯೋ ಹಾಗಿಲ್ಲ. ಆರ್ಡಿತ್ ವಾರ್ನಿ ಇಲ್ಲೇ ಇದಾರೆ. ಬೇಕಿದ್ರೆ ಹೊಸ ಮತಪತ್ರ ತಗೊಂಡು ಹಾಕಬಹುದು."

ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಇರಲಿಲ್ಲ.

ರಾಸ್ಕೋ ಚಾಕುವನ್ನು ಮಡಿಸಿ ಜೇಬಿಗಿಟ್ಟ. ಅವಳ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಲೋಟ ಕಾಫಿ ತಂದು ಅವಳ ಮೇಜಿನ ಮೇಲಿಟ್ಟು ಹೋದ.

ಎರಡು ಲಕೋಟೆಗಳ ಮೇಲೂ ಅವಳು 'ಪಕ್ಕಕ್ಕಿಟ್ಟದ್ದು' ಎಂದು ಬರೆದು, ಗಂಟೆ ನಮೂದಿಸಿ, ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿದಳು. ಇವನ್ನು ಇಪ್ಪತ್ತೆರಡು ತಿಂಗಳು ಬೀರುವಿನಲ್ಲಿ ಮುಚ್ಚಿಟ್ಟು, ಆಮೇಲೆ ಸುಡಬೇಕು. ಸುಡುವವಳೂ ಅವಳೇ.

ಅಮ್ಮ ಬಂದದ್ದು ಸಂಜೆ ಏಳಕ್ಕೆ. ಏಪ್ರನ್ ತೆಗೆದಿದ್ದಳು, ತಲೆಗೂದಲು ಬಾಚಿಕೊಂಡಿದ್ದಳು. ಮೇಜಿನ ಮುಂದೆ ನಿಂತು, ಪರಿಚಯವೇ ಇಲ್ಲದವಳಂತೆ ತನ್ನ ಹೆಸರು ಹೇಳಿದಳು. "ಆರ್ಡಿತ್ ವಾರ್ನಿ. ಹಿಲ್ ರೋಡು."

ಡೀಲಿಯಾ ಮತಪತ್ರ ಕೊಟ್ಟಳು. ಅಮ್ಮನ ಬೆರಳುಗಳು ಸಾಬೂನಿನ ನೀರಿಗೆ ಸುಕ್ಕಾಗಿದ್ದವು.

ಪರದೆಯ ಹಿಂದೆ ಅಮ್ಮ ತುಂಬ ಹೊತ್ತು ಇದ್ದಳು. ಒಂದೇ ಪ್ರಶ್ನೆ, ಒಂದೇ ಗುರುತು. ಪರದೆಯ ಕೆಳಗೆ ಅವಳ ಬೂಟುಗಳು ಒಂದರ ಪಕ್ಕ ಒಂದು ಅಲುಗಾಡದೆ ಇದ್ದವು. ರಾಸ್ಕೋ ಗಡಿಯಾರ ನೋಡಲಿಲ್ಲ. ಕೊನೆಗೆ ಅವಳು ಹೊರಬಂದು, ಮಡಿಸಿದ ಹಾಳೆಯನ್ನು ಪೆಟ್ಟಿಗೆಯ ಬಾಯಿಗೆ ಕೊಟ್ಟಳು. ರಾಸ್ಕೋ ಹಿಡಿ ತಿರುವಿದ. ಗಂಟೆ ಟಣ್ ಎಂದಿತು. ಅಮ್ಮ ಮಗಳ ಮೇಜನ್ನು ದಾಟಿ, ಹೊರಗೆ ಟ್ರಕ್ಕಿನ ಕಡೆ ನಡೆದಳು.

ಎಂಟಕ್ಕೆ ಬಾಗಿಲು ಹಾಕಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಐವತ್ತು ಐವತ್ತರ ಕಟ್ಟು ಮಾಡಿ, ಇಬ್ಬಿಬ್ಬರು ಕೂತು, ಒಬ್ಬರು ಓದಿ ಒಬ್ಬರು ಗೀಟು ಹಾಕುವುದು ಇಲ್ಲಿಯ ಕ್ರಮ. ಎರಡು ಕಟ್ಟು ಮುಗಿಯಿತು. ಕೊನೆಯ ಮೂವತ್ತೊಂಬತ್ತು ಡೀಲಿಯಾಳ ಪಾಲಿಗೆ ಬಂದವು. ಓದುವುದು ಅವಳು, ಬರೆಯುವುದು ನೋರೀನ್. ಹೌದು. ಹೌದು. ಇಲ್ಲ. ಹೌದು. ಯಾರ ಮತ ಯಾವುದೆಂದು ತಿಳಿಯಬಾರದು. ಇಷ್ಟು ಸಣ್ಣ ಊರಿನಲ್ಲಿ ತಿಳಿದರೂ ತಿಳಿಯದಂತೆ ಇರಬೇಕು. ಮುಖ ತಿರುಗಿಸದೆ ಹಾಳೆ ತಿರುಗಿಸುವುದನ್ನು ಅವಳಿಗೆ ಕಲಿಸಿದವರು ಅಪ್ಪ.

ಹದಿನಾಲ್ಕನೆಯದೋ ಹದಿನೈದನೆಯದೋ ಹಾಳೆ. ಸೊನ್ನೆಯನ್ನು ಬೇರೆಯವರಂತೆ ಒತ್ತಿ ಕಪ್ಪು ಮಾಡಿರಲಿಲ್ಲ. ಓರೆ ಓರೆ ಗೀರುಗಳು, ಒತ್ತೊತ್ತಾಗಿ, ಒಂದೂ ಗೆರೆ ದಾಟದಂತೆ, ಕಾಲುಚೀಲದ ಹರಕು ಹೊಲಿದಂತೆ. 'ಇಲ್ಲ' ಎಂಬುದರ ಮುಂದೆ.

ಡೀಲಿಯಾ ಹಾಳೆಯನ್ನು ದೀಪದ ಹತ್ತಿರ ಹಿಡಿದಳು.

"ಏನು, ಸರಿಯಾಗಿ ತುಂಬಿಲ್ವಾ?" ಎಂದಳು ನೋರೀನ್ ಪೆನ್ಸಿಲು ಎತ್ತಿಕೊಂಡು.

"ತುಂಬಿದೆ. ಇಲ್ಲ."

ನೋರೀನ್ ಒಂದು ಗೀಟು ಹಾಕಿದಳು. ಡೀಲಿಯಾ ಹಾಳೆಯನ್ನು ಮಗುಚಿ ಆ ಕಡೆಯ ರಾಶಿಯ ಮೇಲಿಟ್ಟು, ಮುಂದಿನದನ್ನು ಎತ್ತಿಕೊಂಡಳು.

ಒಂಬತ್ತಾಗುವ ಮೊದಲೇ ಮುಗಿಯಿತು. ರಾಸ್ಕೋ ನಿಂತು ಖಾಲಿ ಸಭಾಂಗಣಕ್ಕೆ ಓದಿದ: ಹೌದು, ಎಪ್ಪತ್ತೊಂದು. ಇಲ್ಲ, ಅರವತ್ತೆಂಟು. ರಾಜ್ಯದಲ್ಲಿ ಏನಾಯಿತೆಂಬುದು ನಾಳೆ ತಿಳಿಯುವ ವಿಷಯ.

ಅಮ್ಮ ಟ್ರಕ್ಕಿನಲ್ಲಿ ಕಾಯುತ್ತಿದ್ದಳು, ಎಂಜಿನ್ನು ನಡೆಸಿಕೊಂಡು, ತೊಡೆಯ ಮೇಲೆ ಖಾಲಿ ಪೈ ತಟ್ಟೆಗಳನ್ನು ಜೋಡಿಸಿಕೊಂಡು. ಅವಳು ಕೂತದ್ದು ಚಾಲಕನ ಸೀಟಿನ ಪಕ್ಕದಲ್ಲಿ, ಐವತ್ತೆಂಟು ವರ್ಷ ಕೂತ ಜಾಗದಲ್ಲೇ. ತನ್ನ ಕಾರನ್ನು ಅಲ್ಲೇ ಬಿಟ್ಟು ಡೀಲಿಯಾ ಹತ್ತಿ ಸ್ಟೀರಿಂಗ್ ಹಿಡಿದಳು. ಅಪ್ಪನ ಕೈಗವಸುಗಳು ಗಾಜಿನ ಕೆಳಗೆ ಹಾಗೇ ಬಿದ್ದಿದ್ದವು.

"ಎಷ್ಟಾಯ್ತು?"

"ಎಪ್ಪತ್ತೊಂದು, ಅರವತ್ತೆಂಟು."

ಅಮ್ಮ ತುಟಿ ಅಲುಗಿಸುತ್ತ ಏನೋ ಲೆಕ್ಕ ಹಾಕಿದಳು. ಡೀಲಿಯಾಳೂ ಹಾಕಿದಳು. ಅಪ್ಪ ಬದುಕಿದ್ದು ಇಬ್ಬರೂ ಎಂದಿನಂತೆ ಬಂದಿದ್ದರೆ 'ಇಲ್ಲ' ಅರವತ್ತೆಂಟೇ ಆಗಿರುತ್ತಿತ್ತು. 'ಹೌದು' ಮಾತ್ರ ಎಪ್ಪತ್ತೆರಡು. ಬರೆದ ಕಾಗದವನ್ನಷ್ಟೇ ನೋಡುವವರಿಗೆ, ಈ ಮನೆಯಿಂದ ಕಡಿಮೆಯಾದವರು ಅಪ್ಪನಲ್ಲ, ಅಮ್ಮ ಎನಿಸುತ್ತದೆ.

"ಬೇಡ ಅಂತಿದ್ರಾ ಅವರು, ಕೇಳಿದ್ರೆ?" ಎಂದಳು ಅಮ್ಮ.

"ಅಂತಿದ್ರು."

"ಹೂಂ." ಅಮ್ಮ ಕೈಗವಸುಗಳನ್ನು ಎತ್ತಿಕೊಂಡು ತಟ್ಟೆಗಳ ಮೇಲಿಟ್ಟಳು. "ಅದಕ್ಕೇ ಕೇಳ್ಲಿಲ್ಲ."

ಡೀಲಿಯಾ ಗೇರು ಹಾಕಿದಳು. ಸೇತುವೆಯ ಹತ್ತಿರ, ಭಾರದ ಮಿತಿ ಬರೆದ ಹಲಗೆ ದೀಪದ ಬೆಳಕಿಗೆ ಒಮ್ಮೆ ಬೆಳಗಿ ಹಿಂದೆ ಸರಿಯಿತು. ಇಬ್ಬರು ಹೆಂಗಸರಿದ್ದ ಹಗುರ ಟ್ರಕ್ಕು ನಿಧಾನವಾಗಿ ದಾಟಿತು.